ಹಾಲ್ಟ್ ನಿಲ್ದಾಣದ ಟಿಕೇಟು

ರೈಲ್ವೆಯವರು ‘ಹಾಲ್ಟ್’ ಎಂದು ಕರೆಯುವ ಚಿಕ್ಕ ನಿಲ್ದಾಣದಲ್ಲಿ ಸ್ಟೇಷನ್ ಮಾಸ್ತರರೂ ಇಲ್ಲ, ಸಿಗ್ನಲ್ಲೂ ಇಲ್ಲ. ಹಲವೆಡೆ ಊರಿನವನೊಬ್ಬನು ಕಮಿಷನ್ ಏಜೆಂಟನಾಗಿ ದೊಡ್ಡ ನಿಲ್ದಾಣದಿಂದ ಟಿಕೇಟುಗಳನ್ನು ತಂದು, ಗಾಡಿಯ ವೇಳೆಗೆ ಕಿಟಕಿ ತೆರೆಯುತ್ತಾನೆ. ಅವನಿಗೆ ಸಂಬಳವಿಲ್ಲ, ಮಾರಿದ ಟಿಕೇಟಿನ ಮೇಲಣ ಕಮಿಷನ್ನೇ ಅವನ ಗಳಿಕೆ.

ದಾವಣಗೆರೆಯ ಜವಳಿ ವ್ಯಾಪಾರಿಯೊಬ್ಬರು ಬಾಕಿ ವಸೂಲಿಗೆಂದು ಹಳ್ಳಿಗೆ ಹೋಗಿ, ಹರಿಹರಕ್ಕೆ ಸಮೀಪದ ಇಂತಹದೊಂದು ಹಾಲ್ಟಿಗೆ ಬಂದಾಗ ಕಿಟಕಿ ಮುಚ್ಚಿತ್ತು. ಗಾಡಿ ಬಂದಿತು; ನಿಲ್ಲುವುದು ಒಂದೇ ನಿಮಿಷ. 1989ರ ರೈಲ್ವೆ ಕಾಯ್ದೆಯ 55ನೆಯ ಕಲಮಿನಂತೆ, ಟಿಕೇಟಿಲ್ಲದವನು ಅಧಿಕಾರವುಳ್ಳ ನೌಕರನ ಅನುಮತಿ ಪಡೆದು, ಮುಂದೆ ದರ ತೆರುವ ಷರತ್ತಿನ ಮೇಲೆ ಪ್ರಯಾಣಿಸಬಹುದು. ಆದರೆ ಗಾರ್ಡ್ ಇದ್ದದ್ದು ಹಿಂದಿನ ತುದಿಯಲ್ಲಿ, ಇವರು ನಿಂತಿದ್ದು ಮುಂದೆ. ಎಲ್ಲರೂ ಹತ್ತಿದರು, ಇವರೂ ಹತ್ತಿದರು.

ಹರಿಹರದಲ್ಲಿ ಇಳಿದು ಕೌಂಟರಿನಲ್ಲಿ ವಿಚಾರಿಸಲು, ಮುಗಿದ ಪ್ರಯಾಣಕ್ಕೆ ಟಿಕೇಟು ಕೊಡಲಾಗದೆಂದರು. ದಂಡ ತೆರಲು ಹೋಗುವ ಧೈರ್ಯ ಸಾಲಲಿಲ್ಲ. ಅದೇ ಹಾಲ್ಟಿಗೆ 10 ರೂಪಾಯಿ ಕೊಟ್ಟು ಟಿಕೇಟು ಕೊಂಡು, ಹರಿದು ಹಾಕಿ, ಮನೆಗೆ ನಡೆದರು.

ಬಸದಿಯ ಸ್ವಾಧ್ಯಾಯದಲ್ಲಿ ಈ ಮಾತು ಬಂದಾಗ ಕೆಲವರು ನಕ್ಕರು. ಗಾಡಿ ಹೇಗಿದ್ದರೂ ಓಡುತ್ತಿತ್ತು, ಆಸನ ಖಾಲಿಯಿತ್ತು, ನಷ್ಟ ಯಾರಿಗೆ? ನಗುವುದು ಸುಲಭ. ಇಟ್ಟದ್ದು, ಬಿದ್ದದ್ದು, ಮರೆತದ್ದು ಯಾವುದೇ ಆಗಲಿ, ಕೊಡದೆ ತೆಗೆದುಕೊಳ್ಳಬಾರದೆಂಬುದು ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದ ವಿಧಿ; ಖಾಲಿ ಆಸನಕ್ಕೆ ಅದರಲ್ಲಿ ವಿನಾಯಿತಿಯಿಲ್ಲ. ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತಕ್ಕೆ ಹೇಳುವ ಐದು ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮವೂ ಒಂದು. ತೂಕ-ಅಳತೆಯ ಮೋಸವನ್ನು ವ್ಯಾಪಾರಿಗಳು ಬೇಗ ಗುರುತಿಸುತ್ತೇವೆಂದು ಹೆಮ್ಮೆಪಡುತ್ತಾರೆ. ರಾಜ್ಯನಿಯಮದ ವಿಷಯದಲ್ಲಿ ಮಾತ್ರ ಸ್ವಲ್ಪ ಕಣ್ಣು ಮುಚ್ಚುವುದುಂಟು.

ಅಷ್ಟರಲ್ಲಿ ವೃದ್ಧ ಶ್ರಾವಕರೊಬ್ಬರು ಕೇಳಿದರು: “ರೈಲ್ವೆಯ ಹಣ ರೈಲ್ವೆಗೆ ಸೇರಿತು, ಸರಿ. ಆ ಏಜೆಂಟನ ಕಮಿಷನ್ನು?”

ಹರಿಹರದ ಕೌಂಟರಿನಲ್ಲಿ ಕೊಂಡ ಟಿಕೇಟಿನಿಂದ ಹಾಲ್ಟಿನ ಏಜೆಂಟನಿಗೆ ಒಂದು ಪೈಸೆಯೂ ದಕ್ಕಿರಲಿಲ್ಲ. ಇದು ವ್ಯಾಪಾರಿಗೆ ಹೊಳೆದೇ ಇರಲಿಲ್ಲ. ಜೀವನವೆಲ್ಲ ದಲಾಲಿ, ಕಮಿಷನ್ನುಗಳ ಲೆಕ್ಕ ಬರೆದವರಿಗೆ ಇದು ಹೊಳೆಯದಿದ್ದುದೇ ಹೆಚ್ಚು ನೋಯಿಸಿತು.

ಮುಂದಿನ ವಾರ ಅಲ್ಲಿಗೆ ಹೋಗಿ ಏಜೆಂಟನ ಮುಂದೆ ಹಣವಿಟ್ಟರು. ಅವನು ಮುಟ್ಟಲಿಲ್ಲ.

“ಅವತ್ತು ಮಗೂನ್ನ ದವಾಖಾನೆಗೆ ಕರ್ಕಂಡು ಹೋಗಿದ್ದೆ ಸಾವ್ಕಾರ್ರೇ, ಕಿಟಕಿ ತೆರೀದೇ ಇದ್ದಿದ್ದು ನನ್ನ ತಪ್ಪು. ಸುಮ್ನೆ ರೊಕ್ಕ ಬೇಡ. ಬಂದಾಗೆಲ್ಲ ಟಿಕೇಟು ನನ್ ಹತ್ರ ತಗಳ್ರಿ, ಸಾಕು. ಟಿಕೇಟು ಖರ್ಚಾಗ್ಲಿಲ್ಲ ಅಂದ್ರೆ ಇಲ್ಲಿ ಗಾಡಿ ನಿಲ್ಸೋದನ್ನೇ ಬಿಡ್ತಾರೆ.”

“ಅವತ್ತು ಹತ್ತಿದವರು ಇನ್ನೂ ಇದ್ದರಲ್ಲಪ್ಪಾ?”

“ದಿನಾ ಇರ್ತಾರ್ರೀ.”

ವ್ಯಾಪಾರಿ ಹರಿಹರಕ್ಕೆ ಒಂದು ಟಿಕೇಟು ಕೊಂಡರು. ಗಾಡಿ ಬರಲು ಇನ್ನೂ ಹತ್ತು ನಿಮಿಷವಿತ್ತು. ಕಿಟಕಿಯ ಮುಂದೆ ಅವರೊಬ್ಬರೇ ಇದ್ದರು; ಮಿಕ್ಕವರು ಬೇವಿನ ಮರದ ನೆರಳಿನಲ್ಲಿ ಕುಳಿತಿದ್ದರು.