ಲಕ್ಕವಳ್ಳಿ ಹಿನ್ನೀರಿನಲ್ಲಿ ದೊಡ್ಡ ದೋಣಿಯೋ, ಚಿಕ್ಕದೋ?

ಬೀರೂರು ಎಂದರೆ ಹೊರಗಿನವರಿಗೆ ರೈಲು ಬದಲಿಸುವ ಜಂಕ್ಷನ್. ಬೆಂಗಳೂರು–ಹುಬ್ಬಳ್ಳಿ ಹಳಿಯಿಂದ ಶಿವಮೊಗ್ಗದ ಹಳಿ ಕವಲೊಡೆಯುವುದು ಇಲ್ಲೇ. ತೆಂಗು, ಅಡಿಕೆಯ ನಮ್ಮೂರಲ್ಲಿ ದೋಣಿಯ ಮಾತು ಬರುವುದೇ ಅಪರೂಪ. ಆದರೆ ಶಿವಮೊಗ್ಗದ ರಸ್ತೆ ಹಿಡಿದು ತರೀಕೆರೆಯಲ್ಲಿ ಎಡಕ್ಕೆ ತಿರುಗಿದರೆ ಲಕ್ಕವಳ್ಳಿ. ಬೇಗ ಎದ್ದು ಹೊರಟರೆ ಬಿಸಿಲೇರುವ ಮುಂಚೆ ಭದ್ರಾ ಅಣೆಕಟ್ಟಿನ ಹತ್ತಿರ ಇರಬಹುದು.

ಜಲಾಶಯದ ಪೂರ್ಣ ಮಟ್ಟ 186 ಅಡಿ, ಸಾಮರ್ಥ್ಯ 71.5 ಟಿಎಂಸಿ. ಹಿನ್ನೀರಿನ ಅಂಚಿಗೇ ಭದ್ರಾ ಅಭಯಾರಣ್ಯ. 1998ರಿಂದ ಅದು ಹುಲಿ ಸಂರಕ್ಷಿತ ಪ್ರದೇಶವೂ ಹೌದು. ಇಲ್ಲಿಗೆ ಬಂದವರು ದೋಣಿ ಹತ್ತದೆ ಹಿಂದಿರುಗುವುದು ಕಡಿಮೆ.

ಏಪ್ರಿಲ್‌ನಲ್ಲಿ ನಾವು ಹೋದಾಗ ದಡದಲ್ಲಿ ಎರಡು ಮೋಟಾರ್ ದೋಣಿ ನಿಂತಿದ್ದವು. ದೊಡ್ಡದಕ್ಕೆ ನೆರಳಿನ ಛಾವಣಿ, ಅಗಲವಾದ ಸೀಟು, ಹತ್ತಲು ಹಲಗೆ. ಚಿಕ್ಕದರಲ್ಲಿ ಆರೇ ಜನ, ತಲೆ ಮೇಲೆ ಬರೀ ಆಕಾಶ. ಮಕ್ಕಳಿಬ್ಬರೂ ದೊಡ್ಡದೇ ಬೇಕೆಂದು ಹಟ ಹಿಡಿದರು. ಮಂಡಿನೋವಿನ ಅತ್ತೆಗೂ ಅದೇ ಸರಿ ಎಂದು ನಾನೂ ಅಂದುಕೊಂಡೆ.

"ಆ ಗುಡ್ಡದ ಬುಡಕ್ಕೆ ಯಾವುದು ಹೋಗುತ್ತಪ್ಪ?" ಅತ್ತೆ ಕೇಳಿದರು.

"ಈಗ ನೀರು ಇಳಿದಿದೆ ಅಮ್ಮ, ದೊಡ್ಡದು ಅಷ್ಟು ದೂರ ಹೋಗಲ್ಲ. ಚಿಕ್ಕದು ಹೋಗುತ್ತೆ."

"ಹಂಗಾದ್ರೆ ನಂಗೆ ಚಿಕ್ಕದೇ ಸಾಕು ಕಣೇ," ಎಂದರು ನನ್ನ ಕಡೆ ತಿರುಗಿ. ಅಣೆಕಟ್ಟು ಕಟ್ಟಿದಾಗ ಅವರ ತವರಿನ ಮನೆ, ಗದ್ದೆ ಎಲ್ಲ ಮುಳುಗಿದ್ದು ಆ ಗುಡ್ಡದ ಬುಡದಲ್ಲಿ. ಆಗಿನ್ನೂ ಅವರು ಲಂಗ ತೊಡುವ ಹುಡುಗಿ.

ದೊಡ್ಡ ದೋಣಿ ಭಾರವಾದ್ದರಿಂದ ನೀರಿನಲ್ಲಿ ಹೆಚ್ಚು ಆಳಕ್ಕೆ ಕೂರುತ್ತದೆ. ಬೇಸಿಗೆಯಲ್ಲಿ ಮುಳುಗಿದ ಮರಗಳ ಬೊಡ್ಡೆಗಳು ಮೇಲೇಳುವ ಜಾಗದಲ್ಲಿ ಅದಕ್ಕೆ ತಳ ತಾಗುವ ಭಯ. ಚಿಕ್ಕದು ತೆಳು ನೀರಲ್ಲೂ ತೇಲುತ್ತದೆ, ಬೇಕಾದರೆ ಹಿಂದಿನ ಎಂಜಿನ್ನನ್ನೂ ಕೊಂಚ ಮೇಲೆತ್ತಬಹುದು. ಇನ್ನೊಂದು ವಿಷಯ ಅಲೆಯದ್ದು. ನೀರು ಇಳಿದಾಗ ತೇಲುವ ನಡುಗಡ್ಡೆಗಳಲ್ಲಿ ರಿವರ್ ಟರ್ನ್ ಹಕ್ಕಿಗಳು ಬರಿ ನೆಲದ ಮೇಲೇ ಮೊಟ್ಟೆ ಇಡುತ್ತವೆ. ದೊಡ್ಡ ದೋಣಿ ಜೋರಾಗಿ ಹೋದರೆ ಅದರ ಹಿಂದೇಳುವ ಅಲೆ ದಡದಂಚಿನ ಗೂಡಿಗೆ ಬಡಿಯುತ್ತದೆ.

ಚಿಕ್ಕದರ ತೊಂದರೆಯೂ ಗೊತ್ತಿರಲಿ. ಕಾಲಿಟ್ಟ ಕೂಡಲೇ ಓಲಾಡುತ್ತದೆ. ಅತ್ತೆಯನ್ನು ಇಬ್ಬರು ಹಿಡಿದು, ನಡುಮಧ್ಯೆ ಕಾಲಿಡಿಸಿ ಕೂರಿಸಬೇಕಾಯಿತು. ಗಾಳಿ ಎದ್ದರೆ ಮೈಯೆಲ್ಲ ನೀರು. ಯಾರೂ ಎದ್ದು ನಿಂತು ಫೋಟೊ ತೆಗೆಯುವ ಹಾಗಿಲ್ಲ.

ಗುಡ್ಡದ ಹತ್ತಿರ ದೋಣಿಯವರು ಎಂಜಿನ್ ನಿಲ್ಲಿಸಿದರು. ಅತ್ತೆ ಸುಮ್ಮನೆ ನೀರಿಗೆ ಕೈ ಚಾಚಿದರು.

"ಕೈ ಒಳಗಿಡಿ ಅಮ್ಮ, ಮೊಸಳೆ ಇದಾವೆ."

"ನಮ್ಮ ಕಾಲದಲ್ಲಿ ಇಲ್ಲಿ ಭತ್ತ ಇತ್ತಪ್ಪ, ಮೊಸಳೆ ಇರ್ಲಿಲ್ಲ," ಎಂದು ನಕ್ಕರು. ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ. ಗದ್ದಲ ಮಾಡುತ್ತಿದ್ದ ಮಕ್ಕಳೂ ಅಜ್ಜಿಯ ಮುಖ ನೋಡಿ ಸುಮ್ಮನಾದರು.

ನೀವು ಹೋಗುವುದಾದರೆ ಮೊದಲು ತಿಂಗಳು ನೋಡಿ. ಬೇಸಿಗೆಯ ಇಳಿದ ನೀರಿಗೆ, ಹಕ್ಕಿ ನೋಡುವವರಿಗೆ ಚಿಕ್ಕದು ಒಳ್ಳೆಯದು. ಮಳೆಗಾಲ ಕಳೆದು ಜಲಾಶಯ ತುಂಬಿದಾಗ, ಗಾಳಿಯಿದ್ದಾಗ, ಮನೆಮಂದಿ ಹೆಚ್ಚಿದ್ದಾಗ ದೊಡ್ಡದೇ ಸರಿ. ಯಾವುದಾದರೂ ಲೈಫ್ ಜಾಕೆಟ್ ಹಾಕಿ, ಗುಂಡಿ ಬಿಗಿಯಿರಿ. ಎಷ್ಟು ಜನರ ದೋಣಿ ಎಂದು ಕೇಳಿ, ಅದಕ್ಕಿಂತ ಒಬ್ಬರು ಹೆಚ್ಚಿದ್ದರೂ ಹತ್ತಬೇಡಿ. 2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡದ್ದನ್ನು ಮರೆಯುವ ಹಾಗಿಲ್ಲ.

ದೀಪಾವಳಿ ರಜೆಗೆ ಮತ್ತೆ ಲಕ್ಕವಳ್ಳಿಗೆ ಹೋಗುವವರಿದ್ದೇವೆ. ಆಗ ನೀರು ತುಂಬಿರುತ್ತದೆ. ಈ ಸಲ ದೊಡ್ಡದು ಎಂದು ಮಕ್ಕಳಿಗೆ ಅಜ್ಜಿಯೇ ಮಾತು ಕೊಟ್ಟಿದ್ದಾರೆ.