ಪೇಟಿ ಕಲಿಯೋ ಖರ್ಚು

ಮಕ್ಕಳಿಗೆ ಸಂಗೀತ ಕಲಿಸಬೇಕಂದ್ರ ರಾಮಸಮುದ್ರದಾಗ ಮೊದಲು ಲೆಕ್ಕ ಹಾಕೋದು ಮಾಸ್ತರ ಫೀಸಲ್ಲ, ಯಾದಗಿರಿಗೆ ಹೋಗಿಬರೋ ಖರ್ಚು. ಹುಡುಗಿಗಾದ್ರ 2023ರ ಜೂನ್‌ದಿಂದ ಸರ್ಕಾರಿ ಬಸ್ಸಿನಾಗ ಶಕ್ತಿ ಯೋಜನೆ ಅದ, ಟಿಕೆಟ್ ರೊಕ್ಕ ಉಳೀತು. ಹುಡುಗನಿಗೆ ಅದೂ ಇಲ್ಲ. ಜೋಡಿ ಹೋಗೋ ದೊಡ್ಡವರ ಅರ್ಧ ದಿನದ ಕೂಲಿ ಮುರೀತದ, ಅದನ್ನ ಯಾರೂ ಫೀಸಿನಾಗ ಹಿಡಿಯೋದಿಲ್ಲ. ಮ್ಯಾಲೆ ಮನ್ಯಾಗ ರಿಯಾಜಿಗೆ ಒಂದು ಹಾರ್ಮೋನಿಯಂ ಪೇಟಿ. ಶ್ರುತಿಗೇನೋ ಮೊಬೈಲಿನ ತಂಬೂರಿ ನಡೀತದ, ಬೆರಳಾಡಿಸಲಿಕ್ಕೆ ಮೊಬೈಲ್ ಆಗೋದಿಲ್ಲ.

ಫೀಸೇ ಇಲ್ಲದ ಕಲಿಸೋ ಜಾಗಾನೂ ಅದ. ಗದಗಿನ ವೀರೇಶ್ವರ ಪುಣ್ಯಾಶ್ರಮದಾಗ ಅಂಧ, ಬಡ ಮಕ್ಕಳಿಗೆ ಊಟ, ವಸತಿ, ಪಾಠ ಎಲ್ಲಾ ಪುಕ್ಕಟೆ. ಹಂಗಂತ ಖರ್ಚೇ ಇಲ್ಲ ಅಂತಲ್ಲ. ಪಂಚಾಕ್ಷರಿ ಗವಾಯಿಗಳು ಆಶ್ರಮ ಸಾಕಲಿಕ್ಕೆ ನಾಟಕ ಕಂಪನಿ ಕಟ್ಟಿದ್ರು. 1944ರಾಗ ಅವರು ತೀರಿಕೊಂಡ ಮ್ಯಾಲೆ ಪುಟ್ಟರಾಜ ಗವಾಯಿಗಳು 2010ರ ತನಕ ಅದೇ ಭಾರ ಹೊತ್ರು. ಊರೂರಿನ ಭಕ್ತರು ಅವರಿಗೆ ಮಾಡಿದ ತುಲಾಭಾರದ ರೊಕ್ಕ ಆ ಮಕ್ಕಳ ತಾಟಿಗೆ ಹೋಯ್ತು. ಪುಕ್ಕಟೆ ಪಾಠಕ್ಕೂ ಯಾರೋ ಒಬ್ಬರು ರೊಕ್ಕ ಕೊಟ್ಟೇ ಇರ್ತಾರ.

ಅದಕ್ಕ ಮಾಸ್ತರ ಫೀಸು ದುಬಾರಿ ಅನ್ನೋ ಮಾತು ನನಗೆ ಪೂರಾ ಒಪ್ಪಿಗಿಲ್ಲ. ಡಿಜೆಗೆ ಪಟ್ಟಿ ಎತ್ತುವಾಗ ನಾವ್ಯಾರೂ ಚೌಕಾಶಿ ಮಾಡಂಗಿಲ್ಲ. ಭಜನಿ ಗುಡಿಯಾಗ ಪೇಟಿ, ತಬಲಾ ಇರೋ ಊರುಗಳು ನಮ್ಮ ಕಡೆ ಬೇಕಾದಷ್ಟು. ಹತ್ತು ಮನಿ ಕೂಡಿ ವಾರಕ್ಕೊಮ್ಮೆ ಮಾಸ್ತರನ್ನ ಊರಿಗೇ ಕರೆಸಿದ್ರ ಬಸ್ಸೂ ಉಳೀತದ, ಕೂಲಿನೂ ಉಳೀತದ. ಬರಲಿಕ್ಕೆ ತಯಾರಿರೋರು ಯಾರಾದ್ರೂ ಗೊತ್ತಿದ್ರ ತಿಳಿಸ್ರಿ. ಫೀಸು ಎಷ್ಟಂತ ಸಂಕೋಚ ಇಲ್ಲದ ಹೇಳ್ರಿ.