ಪೆಟ್ಟಿಗೆಯಲ್ಲಿ ದೊರೆತ ಪಟ

ಅಜ್ಜಿ ತೀರಿಕೊಂಡ ಮೇಲೆ ಆಕೆಯ ಪೆಟ್ಟಿಗೆಯ ತಳದಲ್ಲಿ ಒಬ್ಬ ಯುವತಿಯ ಪಟ ದೊರೆಯಿತು. ಅಜ್ಜಿಯದೇ ಮುಖವೆಂದು ನಂಬಿ, ಪ್ರತಿವರ್ಷವೂ ಆಕೆಯ ಶ್ರಾದ್ಧದ ದಿನ ಅದಕ್ಕೆ ಹೂಮಾಲೆ ಹಾಕುತ್ತಿದ್ದೆವು.

ಮೊನ್ನೆ ಕಟ್ಟು ಮುರಿಯಲು, ಪಟವನ್ನು ಹೊರತೆಗೆದು ನೋಡಿದೆನು. ದಪ್ಪ ರಟ್ಟಿಗೆ ಅಂಟಿಸಿದ ಅತಿ ತೆಳುವಾದ ಕಾಗದ. ಬಿಳುಪೆಲ್ಲ ಹಳದಿಗೆ ತಿರುಗಿತ್ತು. 1850ರಲ್ಲಿ ಕಂಡುಹಿಡಿದ, ಮೊಟ್ಟೆಯ ಬಿಳಿಯ ಲೋಳೆಯನ್ನು ಲೇಪಿಸಿದ ಕಾಗದದ ಲಕ್ಷಣಗಳಿವು. 1900ರ ಬಳಿಕ ಅದರ ಬಳಕೆ ವಿರಳವಾಯಿತು. ಅಜ್ಜಿ ಹುಟ್ಟಿದ್ದಾದರೋ 1908ರಲ್ಲಿ!

ಹೊಗೆಯಿಂದ ಬೆಂಕಿಯನ್ನು ಊಹಿಸುವ ತರ್ಕವನ್ನು ಪಾಠಶಾಲೆಯಲ್ಲಿ ಓದಿದ್ದೆನು; ಕಣ್ಣೆದುರಿನ ಪಟಕ್ಕೆ ಅನ್ವಯಿಸಿರಲಿಲ್ಲ. ಅಜ್ಜಿ ಕಡೆಯವರೆಗೂ ಜೋಪಾನ ಮಾಡಿದ್ದುದು ತನ್ನ ಮುಖವನ್ನಲ್ಲ, ತನ್ನ ತಾಯಿಯ ಮುಖವನ್ನಿರಬೇಕು. ಹೀಗೆ ಮುತ್ತಜ್ಜಿಯನ್ನು ಪಡೆದೆನು. ಅಜ್ಜಿಯ ಚಿತ್ರವೇ ನಮ್ಮಲ್ಲಿ ಇಲ್ಲವಾಯಿತು. ಆದರೂ ಮಗಳ ತಿಥಿಯಂದು ತಾಯಿಗೆ ಸಲ್ಲುವ ಆ ಮಾಲೆಯನ್ನು ನಾನು ನಿಲ್ಲಿಸಿಲ್ಲ.